ಬಣ್ಣವೆಂಬ ಕೊನೆಯ ಸಾಕ್ಷಿ: 1854ರ ಕಲ್ಲಚ್ಚಿನ ಅಂಚೆಚೀಟಿಗಳ ಪಾಠಾಂತರಗಳು

ಹಳೆಯ ಅಂಚೆಚೀಟಿಯೊಂದರ ಬಣ್ಣವನ್ನು ಹೆಸರಿಸುವುದು ಸುಲಭ. ಆ ಬಣ್ಣ ಯಾವುದರ ಸಾಕ್ಷಿ ಎಂಬುದನ್ನು ನಿರ್ಧರಿಸುವುದು ಕಷ್ಟ. ಒಂದೇ ಬೆಲೆಯ, ಒಂದೇ ಚಿತ್ರದ ಎರಡು ಚೀಟಿಗಳಲ್ಲಿ ಒಂದು ತಿಳಿನೀಲಿಯಾಗಿ, ಮತ್ತೊಂದು ಕಡುನೀಲಿಯಾಗಿ ಕಂಡಾಗ ಸಂಗ್ರಾಹಕರ ಕೆಟಲಾಗು ಅವಕ್ಕೆ ಎರಡು ಹೆಸರನ್ನೂ ಎರಡು ಬೆಲೆಯನ್ನೂ ಕೊಡುತ್ತದೆ. ಆದರೆ ಆ ವ್ಯತ್ಯಾಸ ಹುಟ್ಟಿದ್ದು ಎಲ್ಲಿ? ಶಾಯಿ ಅರೆದ ಕಲ್ಲಿನ ಮೇಲೋ, ಮುದ್ರಣದ ಕಲ್ಲಿನ ಮೇಲೋ, ಮುದ್ರಕನ ಕೈಯಲ್ಲೋ, ಅಥವಾ ನೂರಾರು ವರ್ಷಗಳ ಬಿಸಿಲು, ನೀರು, ಹೊಗೆಗಳಲ್ಲೋ? ಈ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಬಣ್ಣದ ಹೆಸರು ಒಂದು ವರ್ಣನೆ ಮಾತ್ರ, ಇತಿಹಾಸವಲ್ಲ. ಭಾರತದಲ್ಲಿ ಈ ಸಮಸ್ಯೆಯನ್ನು ಪರೀಕ್ಷಿಸಲು 1854ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಚ್ಚಿನಿಂದ ಮುದ್ರಿತವಾದ ಅಂಚೆಚೀಟಿಗಳಿಗಿಂತ ಉತ್ತಮವಾದ ಸಾಮಗ್ರಿ ದೊರೆಯುವುದು ವಿರಳ.

ಕಲ್ಲಿನಿಂದ ಹುಟ್ಟಿದ ಚೀಟಿಗಳು

ಬ್ರಿಟನ್ನಿನಲ್ಲಿ ಜಗತ್ತಿನ ಮೊದಲ ಅಂಟು ಅಂಚೆಚೀಟಿ 1840ರ ಮೇ 6ರಂದು ಬಳಕೆಗೆ ಬಂದಿತು. ಹನ್ನೆರಡು ವರ್ಷಗಳ ಅನಂತರ, 1852ರ ಜುಲೈ 1ರಂದು, ಸಿಂಧ್ ಪ್ರಾಂತದ ಕಮಿಷನರ್ ಬಾರ್ಟಲ್ ಫ್ರಿಯರ್ ಅವರ ಆಡಳಿತದಲ್ಲಿ ‘ಸಿಂಧ್ ಡಾಕ್’ ಎಂದು ಪ್ರಸಿದ್ಧವಾದ ಅರ್ಧ ಆಣೆಯ ಚೀಟಿಗಳು ಕರಾಚಿಯಲ್ಲಿ ಹೊರಬಂದವು. ಕೆಂಪು, ಬಿಳಿ, ನೀಲಿ ಎಂಬ ಮೂರು ಬಗೆಯಲ್ಲಿ ದೊರೆಯುವ ಇವು ಒಂದು ಪ್ರಾಂತಕ್ಕೆ ಸೀಮಿತವಾಗಿದ್ದವು. ಇಡೀ ಬ್ರಿಟಿಷ್ ಭಾರತಕ್ಕೆ ಅನ್ವಯಿಸುವ ಚೀಟಿಗಳು ಬೇಕಾದದ್ದು ಡಾಲ್‌ಹೌಸಿಯ ಆಡಳಿತಕಾಲದ 1854ರ ಅಂಚೆ ಕಾಯಿದೆಯಿಂದ. ಆ ವರ್ಷದ ಅಕ್ಟೋಬರ್ 1ರಿಂದ ದೂರದ ಲೆಕ್ಕ ಬಿಟ್ಟು ತೂಕದ ಲೆಕ್ಕ ಬಂದಿತು: ಕಾಲು ತೊಲದವರೆಗಿನ ಪತ್ರಕ್ಕೆ ಅರ್ಧ ಆಣೆ, ಅರ್ಧ ತೊಲದವರೆಗಿನದಕ್ಕೆ ಒಂದು ಆಣೆ. ಪತ್ರ ಪಕ್ಕದ ಊರಿಗೆ ಹೋಗಲಿ, ಸಾವಿರ ಮೈಲಿಯ ಆಚೆಗೆ ಹೋಗಲಿ, ದರ ಒಂದೇ.

ಇಷ್ಟು ದೊಡ್ಡ ವ್ಯವಸ್ಥೆಗೆ ಬೇಕಾದ ಚೀಟಿಗಳನ್ನು ಒದಗಿಸಲು ಕಲ್ಕತ್ತೆಯ ಟಂಕಸಾಲೆಯ ಕರ್ನಲ್ ಫೋರ್ಬ್ಸ್ ಸಿಂಹ ಮತ್ತು ತಾಳೆಮರದ ಚಿತ್ರವುಳ್ಳ ಮಾದರಿಗಳನ್ನು ತಯಾರಿಸಿದರು. ಆದರೆ ಅಗತ್ಯವಿದ್ದಷ್ಟು ಪ್ರಮಾಣದಲ್ಲಿ ಮುದ್ರಿಸಿಕೊಡುವ ಸಾಮರ್ಥ್ಯ ಅಲ್ಲಿರಲಿಲ್ಲ. ಆಗ ಹೊಣೆ ಹೊತ್ತವರು ಸರ್ವೇಯರ್ ಜನರಲ್ ಕಚೇರಿಯ ಕ್ಯಾಪ್ಟನ್ ಥುಯಿಲಿಯರ್. ಭೂಪಟಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದ ಆ ಕಚೇರಿ ಈಗ ರಾಣಿ ವಿಕ್ಟೋರಿಯಾಳ ಮುಖವುಳ್ಳ ಚೀಟಿಗಳನ್ನು ಮುದ್ರಿಸತೊಡಗಿತು.

ಕಲ್ಲಚ್ಚು ಕನ್ನಡ ಓದುಗರಿಗೆ ಅಪರಿಚಿತವಾದ ತಂತ್ರವಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದ ‘ಮಂಗಳೂರ ಸಮಾಚಾರ’ ಮುದ್ರಿತವಾದದ್ದು ಈ ವಿಧಾನದಲ್ಲಿಯೇ. ಎಣ್ಣೆ ಮತ್ತು ನೀರು ಒಂದನ್ನೊಂದು ಕೂಡುವುದಿಲ್ಲ ಎಂಬ ಸರಳ ತತ್ತ್ವ ಇದರ ತಳಹದಿ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಗುರುತು ಇರುವೆಡೆ ಶಾಯಿ ಹಿಡಿಯುತ್ತದೆ, ತೇವವಿರುವೆಡೆ ಹಿಡಿಯುವುದಿಲ್ಲ. ಅಂಚೆಚೀಟಿಗಾಗಿ ಮೊದಲು ತಾಮ್ರದ ಹಲಗೆಯ ಮೇಲೆ ಒಂದು ಮೂಲ ಅಚ್ಚನ್ನು ಕೊರೆಯುತ್ತಿದ್ದರು. ಅದರಿಂದ ಜಿಡ್ಡು ಶಾಯಿಯಲ್ಲಿ ಕಾಗದದ ಮೇಲೆ ಅನೇಕ ಪ್ರತಿಗಳನ್ನು ತೆಗೆದು, ಅವನ್ನು ಸಾಲಾಗಿ ಕಲ್ಲಿಗೆ ವರ್ಗಾಯಿಸುತ್ತಿದ್ದರು. ಕಲ್ಲು ಸವೆದಾಗ ಮತ್ತೆ ವರ್ಗಾವಣೆ ನಡೆಯುತ್ತಿತ್ತು. ಅಗತ್ಯವಿದ್ದಲ್ಲಿ ಗೆರೆಗಳನ್ನು ಕೈಯಿಂದ ತಿದ್ದುತ್ತಿದ್ದರು. ಮೂಲ ಅಚ್ಚು, ವರ್ಗಾವಣೆ, ಕಲ್ಲು, ಹಾಳೆ ಎಂಬ ಈ ನಾಲ್ಕು ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ತನ್ನದೇ ಆದ ಗುರುತನ್ನು ಬಿಟ್ಟುಹೋಗಿದೆ.

ಲಿಪಿಕಾರನ ದೋಷ, ಕಲ್ಲಿನ ದೋಷ

ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಈ ಮೆಟ್ಟಿಲುಗಳು ಕೂಡಲೇ ಒಂದು ವಂಶವೃಕ್ಷವನ್ನು ನೆನಪಿಗೆ ತರುತ್ತವೆ. ಕಳೆದುಹೋದ ಮೂಲ ಓಲೆಯಿಂದ ಕೆಲವು ಪ್ರತಿಗಳು, ಅವುಗಳಿಂದ ಮತ್ತೆ ಕೆಲವು. ಎರಡು ಪ್ರತಿಗಳು ಒಂದೇ ಸರಿಪಾಠವನ್ನು ಹೊಂದಿದ್ದರೆ ಅದರಿಂದ ಸಂಬಂಧ ಸಿದ್ಧವಾಗುವುದಿಲ್ಲ. ಒಂದೇ ತಪ್ಪನ್ನು ಒಂದೇ ಕಡೆ ಹೊಂದಿದ್ದರೆ ಮಾತ್ರ ಅವೆರಡೂ ಒಂದೇ ಮಾತೃಕೆಯಿಂದ ಬಂದವೆಂದು ಹೇಳಬಹುದು. ಅಂಚೆಚೀಟಿಯ ವಿದ್ವಾಂಸರು ಈ ನಿಯಮವನ್ನು ಬೇರೆಯೇ ದಾರಿಯಲ್ಲಿ ಕಂಡುಕೊಂಡರು. ಚೌಕಟ್ಟಿನಲ್ಲಿ ಮುರಿದ ಒಂದು ಗೆರೆ, ಅಕ್ಷರದ ಪಕ್ಕದ ಒಂದು ಚುಕ್ಕೆ ಬೇರೆ ಬೇರೆ ಹಾಳೆಗಳ ಅದೇ ಸ್ಥಾನದ ಚೀಟಿಯಲ್ಲಿ ಮತ್ತೆ ಮತ್ತೆ ಕಂಡರೆ ಅದು ಸ್ಥಿರದೋಷ. ಕಲ್ಲಿನ ಅಥವಾ ವರ್ಗಾವಣೆಯ ಸಂತಾನ. ಒಮ್ಮೆ ಮಾತ್ರ ಕಂಡು ಮಾಯವಾದರೆ ಅದು ಧೂಳಿನ ಕಣವೋ ಶಾಯಿಯ ಹನಿಯೋ ಬಿಟ್ಟ ಆಕಸ್ಮಿಕ ಕಲೆ. ಮೊದಲನೆಯದು ಪಾಠಾಂತರ, ಎರಡನೆಯದು ಕೈತಪ್ಪು. ಸ್ಥಿರದೋಷಗಳ ಸಹಾಯದಿಂದ ಚದುರಿದ ಬಿಡಿ ಚೀಟಿಗಳನ್ನು ಹಾಳೆಯಲ್ಲಿನ ಅವುಗಳ ಸ್ವಸ್ಥಾನಕ್ಕೆ ಮರಳಿಸಿ ಇಡೀ ಹಾಳೆಯನ್ನು ಪುನಾರಚಿಸಲು ಸಾಧ್ಯ.

ಹಾಸ್‌ಬರ್ಗ್, ಸ್ಟುವರ್ಟ್ ವಿಲ್ಸನ್ ಮತ್ತು ಕ್ರಾಫ್ಟನ್ ಅವರು 1907ರಲ್ಲಿ ಪ್ರಕಟಿಸಿದ ಬ್ರಿಟಿಷ್ ಭಾರತದ ಅಂಚೆ ಮತ್ತು ತಂತಿ ಚೀಟಿಗಳ ಗ್ರಂಥ ಈ ಅಧ್ಯಯನಕ್ಕೆ ಅಡಿಪಾಯ ಹಾಕಿತು. ಮಾರ್ಟಿನ್ ಮತ್ತು ಸ್ಮಿಥೀಸ್ ಎಂಬ ಇಬ್ಬರು 1928ರಲ್ಲಿ ಅರ್ಧ ಆಣೆಯ ಕಲ್ಲಚ್ಚಿನ ಚೀಟಿಯನ್ನೂ 1930ರಲ್ಲಿ ನಾಲ್ಕು ಆಣೆಯ ಚೀಟಿಯನ್ನೂ ಕುರಿತು ಪ್ರತ್ಯೇಕ ಗ್ರಂಥಗಳನ್ನು ರಚಿಸಿದರು. ಇವರಲ್ಲಿ ಸ್ಮಿಥೀಸ್ ಭಾರತದ ಅರಣ್ಯ ಇಲಾಖೆಯ ಅಧಿಕಾರಿ. ಒಂದೇ ಒಂದು ಬೆಲೆಯ ಚೀಟಿಗೆ ಒಂದು ಗ್ರಂಥ ಮೀಸಲಾಗಬೇಕಾಯಿತೆಂಬುದೇ ಆ ಪುಟ್ಟ ಕಾಗದದಲ್ಲಿ ಅಡಗಿರುವ ಮಾಹಿತಿಯ ಪ್ರಮಾಣವನ್ನು ಸೂಚಿಸುತ್ತದೆ.

ಒಂದು ಆಣೆಯ ಕೆಂಪು ಚೀಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದಕ್ಕೆ ಮೂರು ಮೂಲ ಅಚ್ಚುಗಳಿವೆ. ಎರಡನೆಯ ಅಚ್ಚಿನಲ್ಲಿ ರಾಣಿಯ ತುರುಬಿನ ಗೆರೆಗಳು ಮೊದಲನೆಯದಕ್ಕಿಂತ ಹೆಚ್ಚು. ತುರುಬು ತಲೆಯನ್ನು ಸೇರುವೆಡೆ ಬಾಗಿದ ಒಂದು ಬಿಳಿಗೆರೆಯೂ ಇದೆ. 1855ರ ಮೂರನೆಯ ಅಚ್ಚಿನಲ್ಲಿ ಎದೆಯ ತುದಿ ಚೂಪಾಗಿದೆ. ಓದಲು ಸುಲಭವೆನಿಸುವ ಈ ಲಕ್ಷಣಗಳೂ ಮೋಸಗೊಳಿಸಬಲ್ಲವು. ಎರಡನೆಯ ಅಚ್ಚಿನ ತೀರ ಸವೆದ ಮುದ್ರಣಗಳಲ್ಲಿ ತುರುಬು ಬೆಳ್ಳಗಾಗಿ ಬಹುಮಟ್ಟಿಗೆ ಮೊದಲನೆಯ ಅಚ್ಚಿನಂತೆಯೇ ತೋರುತ್ತದೆ. ಉಜ್ಜಿಹೋದ ಅಕ್ಷರವೊಂದು ಪ್ರಾಚೀನ ರೂಪವನ್ನು ಹೋಲುವಾಗ ಶಾಸನದ ಕಾಲ ಹೇಗೆ ಹಿಂದಕ್ಕೆ ಸರಿಯಬಹುದೋ ಹಾಗೆಯೇ ಇಲ್ಲಿಯೂ ಸವಕಳಿ ಹಿರಿತನದ ವೇಷ ತೊಡುತ್ತದೆ. ಒಂದೇ ಲಕ್ಷಣವನ್ನು ನಂಬದೆ ಅನೇಕ ಲಕ್ಷಣಗಳ ಸಮೂಹವನ್ನು ನೋಡಬೇಕೆಂಬ ವಿವೇಕ ಹುಟ್ಟಿದ್ದು ಇಂಥ ಪ್ರಸಂಗಗಳಿಂದ.

ಇಂಗಳಿಕದಿಂದ ನೀಲಿಗೆ

ಇನ್ನು ಬಣ್ಣದ ವಿಚಾರ. ಥುಯಿಲಿಯರ್ ಮೊದಲು ಮುದ್ರಿಸಿದ ಅರ್ಧ ಆಣೆಯ ಚೀಟಿ ನೀಲಿಯದಲ್ಲ, ಇಂಗಳಿಕದ ಕೆಂಪಿನದು. ಪಕ್ಕದ ಅಂಚಿನಲ್ಲಿ ಒಂಬತ್ತೂವರೆ ಕಮಾನುಗಳಿರುವುದರಿಂದ ಅದನ್ನು ‘ಒಂಬತ್ತೂವರೆ ಕಮಾನಿನ ಚೀಟಿ’ ಎಂದು ಗುರುತಿಸುತ್ತಾರೆ. ಅದು ಸಿದ್ಧವಾಗಿಯೂ ಅಧಿಕೃತವಾಗಿ ಬಳಕೆಗೆ ಬರಲಿಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಇಂಗಳಿಕ ಮುಗಿದುಹೋಗಿತ್ತು. ಇಲ್ಲಿ ದೊರೆತದ್ದು ಮುದ್ರಣದ ಕಲ್ಲಿಗೆ ಒಗ್ಗಲಿಲ್ಲ. ಆದ್ದರಿಂದ ಎಂಟು ಕಮಾನುಗಳ ಹೊಸ ಚಿತ್ರ ರಚಿತವಾಗಿ ನೀಲಿಯಲ್ಲಿ ಹೊರಬಂದಿತು. ಇಲ್ಲಿ ಬಣ್ಣ ಅಲಂಕಾರವಲ್ಲ. ವಸಾಹತಿನ ಪೂರೈಕೆಯ ಸರಪಳಿಯೊಂದು ಕಡಿದ ಕ್ಷಣವನ್ನು ಅದು ದಾಖಲಿಸಿದೆ. ಇಂಥ ಸಂದರ್ಭದಲ್ಲಿ ಬಣ್ಣದ ಸಾಕ್ಷ್ಯ ನಿರ್ಣಾಯಕ. ಕಾರಣ ಸ್ಪಷ್ಟ: ಕೆಂಪು ಮತ್ತು ನೀಲಿಯ ನಡುವಣ ಭೇದ ಬೇರೆ ಬೇರೆ ವರ್ಣದ್ರವ್ಯಗಳ ಭೇದ, ಅದರೊಡನೆ ಚಿತ್ರದ ಭೇದವೂ ಕೂಡಿಕೊಂಡಿದೆ.

ನೀಲಿಯ ಒಳಗಣ ಭೇದಗಳು ಇಷ್ಟು ಸರಳವಲ್ಲ. ಕೆಟಲಾಗುಗಳು ಅರ್ಧ ಆಣೆಯ ಮೊದಲ ಅಚ್ಚಿನಲ್ಲಿ ನೀಲಿ, ತಿಳಿನೀಲಿ, ಕಡುನೀಲಿ, ಇಂಡಿಗೊ ಎಂಬ ಛಾಯೆಗಳನ್ನೂ ಮೂರನೆಯ ಅಚ್ಚಿನಲ್ಲಿ ಹಸಿರುಮಿಶ್ರಿತ ನೀಲಿಯನ್ನೂ ಹೆಸರಿಸುತ್ತವೆ. ಕನ್ನಡದಲ್ಲಿ ನೀಲಿ ಎಂಬ ಪದವೇ ಬಣ್ಣಕ್ಕೂ ಆ ಬಣ್ಣ ಕೊಡುವ ಗಿಡಕ್ಕೂ ಹೆಸರಾಗಿರುವುದರಿಂದ ಇಂಡಿಗೊವನ್ನು ನೀಲಿಯಿಂದ ಪ್ರತ್ಯೇಕಿಸುವ ಮಾತು ಕನ್ನಡದ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಈ ವೈಚಿತ್ರ್ಯದಲ್ಲಿ ಒಂದು ಪಾಠವಿದೆ. ಛಾಯೆಗಳ ಹೆಸರುಗಳು ನಿಸರ್ಗದಲ್ಲಿ ಇದ್ದವಲ್ಲ. ಒಂದು ಭಾಷೆಯ ಒಂದು ವೃತ್ತಿಸಮುದಾಯ ಅಖಂಡವಾದ ವರ್ಣಪಟಲದ ಮೇಲೆ ಎಳೆದ ಗೆರೆಗಳು. ಗೆರೆಯ ಎರಡು ಬದಿಯಲ್ಲಿಯೂ ನಿಲ್ಲಬಲ್ಲ ಚೀಟಿಗಳು ಇದ್ದೇ ಇರುತ್ತವೆ.

ಆದುದರಿಂದ ಛಾಯೆಯನ್ನು ನೋಡುವಾಗ ಎರಡು ಸಂಗತಿಗಳನ್ನು ಬೇರ್ಪಡಿಸುವುದು ಅಗತ್ಯ. ಮೊದಲನೆಯದು ಶಾಯಿಯ ಸ್ವಭಾವ, ಎರಡನೆಯದು ಶಾಯಿಯ ಪ್ರಮಾಣ. ಅದೇ ಶಾಯಿಯನ್ನು ಕಲ್ಲಿಗೆ ದಟ್ಟವಾಗಿ ಸವರಿದರೆ ಚೀಟಿ ಕಡುನೀಲಿಯಾಗುತ್ತದೆ, ತೆಳುವಾಗಿ ಸವರಿದರೆ ತಿಳಿನೀಲಿಯಾಗುತ್ತದೆ. ಒಂದೇ ದಿನ, ಒಂದೇ ಕಲ್ಲಿನಿಂದ, ಒಂದೇ ಬಟ್ಟಲಿನ ಶಾಯಿಯಿಂದ ಇವೆರಡೂ ಹೊರಬರಬಹುದು. ತಿಳಿ–ಕಡು ಎಂಬ ಭೇದ ಬಹುಮಟ್ಟಿಗೆ ಪ್ರಮಾಣದ ಭೇದ. ನೀಲಿ ಹಸಿರಿನ ಕಡೆಗೆ ವಾಲುವುದು ಅಥವಾ ಇಂಡಿಗೊದ ಕಡೆಗೆ ವಾಲುವುದು ಸ್ವಭಾವದ ಭೇದವಾಗಿರುವ ಸಂಭವ ಹೆಚ್ಚು. ಅದು ಹೊಸದಾಗಿ ಬೆರೆಸಿದ ಶಾಯಿಯನ್ನು, ಆ ಮೂಲಕ ಬೇರೊಂದು ಮುದ್ರಣವನ್ನು ಸೂಚಿಸಬಲ್ಲದು. ಬಣ್ಣವನ್ನು ಕಾಲನಿರ್ಣಯಕ್ಕೆ ಬಳಸುವವರು ಮೊದಲ ಬಗೆಯ ಭೇದದ ಮೇಲೆ ಹೆಚ್ಚಿನ ಭಾರ ಹೊರಿಸಬಾರದು.

ಕಣ್ಣು ಕೂಡ ನಿಷ್ಪಕ್ಷಪಾತಿಯಲ್ಲ. ಪಕ್ಕದ ಬಣ್ಣ ಒಂದು ಬಣ್ಣದ ತೋರಿಕೆಯನ್ನು ಬದಲಿಸುತ್ತದೆಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದ. ದಟ್ಟವಾದ ಕಪ್ಪು ಅಂಚೆಮುದ್ರೆ ಬಿದ್ದ ಚೀಟಿ, ಹಳದಿಗಟ್ಟಿದ ಕಾಗದದ ಚೀಟಿ, ಅಗಲವಾದ ಬಿಳಿ ಅಂಚುಳ್ಳ ಚೀಟಿ — ಈ ಮೂರೂ ಒಂದೇ ಶಾಯಿಯವಾದರೂ ಮೂರು ಬಣ್ಣದವಾಗಿ ತೋರಬಹುದು. ದೀಪದ ಬೆಳಕಿನಲ್ಲಿ ಒಂದಾಗಿ ಕಂಡ ಎರಡು ಶಾಯಿಗಳು ಹಗಲಿನಲ್ಲಿ ಬೇರೆಯಾಗಿ ಕಾಣುವುದೂ ಉಂಟು. ಆದ್ದರಿಂದಲೇ ಅನುಭವಿಗಳು ನೇರ ಬಿಸಿಲಿಲ್ಲದ ಹಗಲ ಬೆಳಕಿನಲ್ಲಿ, ಸಣ್ಣ ಕಿಂಡಿಯುಳ್ಳ ರಟ್ಟಿನಿಂದ ಸುತ್ತಲಿನದನ್ನು ಮರೆಮಾಡಿ, ಚೀಟಿಯ ಒಂದು ತುಣುಕು ಬಣ್ಣವನ್ನು ಮಾತ್ರ ನೋಡುತ್ತಾರೆ. ಅದನ್ನು ಮುದ್ರಿತ ವರ್ಣಸೂಚಿಗಿಂತಲೂ ಹೆಚ್ಚಾಗಿ ಖಚಿತವಾಗಿ ಗುರುತಿಸಲಾದ ಬೇರೊಂದು ಚೀಟಿಯೊಡನೆ ಹೋಲಿಸುತ್ತಾರೆ.

ಕಾಲವೂ ಒಬ್ಬ ಮುದ್ರಕ

ಮುದ್ರಣಾಲಯದಿಂದ ಹೊರಬಿದ್ದ ಬಳಿಕವೂ ಬಣ್ಣದ ಬದಲಾವಣೆ ನಿಲ್ಲುವುದಿಲ್ಲ. ಸೀಸವುಳ್ಳ ವರ್ಣದ್ರವ್ಯಗಳು ಗಾಳಿಯಲ್ಲಿನ ಗಂಧಕದ ಸಂಯುಕ್ತಗಳೊಡನೆ ಕೂಡಿ ಕಪ್ಪಾಗುತ್ತವೆ. ಸಂಗ್ರಾಹಕರು ಇದನ್ನು ವಾಡಿಕೆಯಲ್ಲಿ ಆಕ್ಸೀಕರಣವೆನ್ನುತ್ತಾರಾದರೂ ನಡೆದಿರುವುದು ಸಲ್ಫೈಡ್ ಆಗುವ ಕ್ರಿಯೆ; ಸೌಮ್ಯ ಹೈಡ್ರೋಜನ್ ಪೆರಾಕ್ಸೈಡ್ ತಾಗಿದಾಗ ಮೂಲ ಬಣ್ಣ ಮರಳುವುದು ಇದರಿಂದಲೇ. ಇಂಥ ಕಪ್ಪಾದ ಚೀಟಿಗಳನ್ನು ಹೊಸ ಛಾಯೆಯೆಂದು ದಾಖಲಿಸಿದರೆ ಇಲ್ಲದ ಮುದ್ರಣವೊಂದು ಇತಿಹಾಸದಲ್ಲಿ ಹುಟ್ಟಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1883–84ರಲ್ಲಿ ಹೊರಬಂದ ನೇರಳೆ ಮತ್ತು ಹಸಿರು ಚೀಟಿಗಳ ಶಾಯಿಯನ್ನು ನೀರಿಗೆ ಕದಡುವಂತೆಯೇ ತಯಾರಿಸಲಾಗಿತ್ತು. ಅಂಚೆಮುದ್ರೆಯನ್ನು ತೊಳೆದು ಚೀಟಿಯನ್ನು ಮತ್ತೆ ಬಳಸುವವರನ್ನು ತಡೆಯುವುದು ಅದರ ಉದ್ದೇಶ. ಇಂದು ಲಕೋಟೆಯಿಂದ ಬಿಡಿಸಲು ಅವನ್ನು ನೆನೆಸಿದವರು ಆ ಹಸಿರನ್ನು ತಮ್ಮ ಕೈಯಾರೆ ಅಳಿಸಿರುತ್ತಾರೆ.

ಕಾಗದದ ಬಣ್ಣವೂ ಇದೇ ರೀತಿ ಎಚ್ಚರಿಕೆಯಿಂದ ಓದಬೇಕಾದದ್ದು. 1841ರಿಂದ ಬಂದ ಬ್ರಿಟನ್ನಿನ ಒಂದು ಪೆನ್ನಿಯ ಕೆಂಪು ಚೀಟಿಗಳ ಕಾಗದ ನೀಲಿಗಟ್ಟಿರುವುದು ಸಾಮಾನ್ಯ. ಕಾಗದ ಹುಟ್ಟಿನಿಂದ ನೀಲಿಯಲ್ಲ. ಶಾಯಿಯಲ್ಲಿ ಬೆರೆಸಿದ್ದ ಪೊಟ್ಯಾಷ್ ಲವಣದ ಪರಿಣಾಮ ಅದು. ಆದರೆ 1855ರಲ್ಲಿ ಲಂಡನ್ನಿನ ಡಿ ಲಾ ರೂ ಸಂಸ್ಥೆ ಭಾರತಕ್ಕಾಗಿ ಮುದ್ರಿಸಿದ ನಾಲ್ಕು ಆಣೆ ಮತ್ತು ಎಂಟು ಆಣೆಯ ಚೀಟಿಗಳ ನೀಲಿಗಾಗದವನ್ನು ಕೆಟಲಾಗುಗಳು ಪ್ರತ್ಯೇಕ ವರ್ಗವಾಗಿಯೇ ಎಣಿಸುತ್ತವೆ. ತೋರಿಕೆ ಒಂದೇ, ಅರ್ಥ ಬೇರೆ. 1854ರ ಚೀಟಿಗಳಲ್ಲಾದರೋ ಕಾಗದಕ್ಕೆ ಇನ್ನೊಂದು ಗುರುತಿದೆ. ಹಾಳೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವು ಜಲಚಿಹ್ನೆಯಾಗಿತ್ತು. ಇದು ಇಡೀ ಹಾಳೆಗೆ ಹರಡಿದ ಗುರುತಾದ್ದರಿಂದ ಬಿಡಿ ಚೀಟಿಯೊಂದರಲ್ಲಿ ಅದರ ತುಣುಕು ಮಾತ್ರ ಸಿಗಬಹುದು, ಏನೂ ಸಿಗದೆಯೂ ಇರಬಹುದು. ಜಲಚಿಹ್ನೆ ಕಾಣದ ಮಾತ್ರಕ್ಕೆ ಚೀಟಿ ಕೂಟವೆನ್ನಲಾಗದು.

ತಲೆಕೆಳಗಾದ ತಲೆ, ಕತ್ತರಿಸಿದ ಮೂಲೆ

ಎರಡು ಬಣ್ಣದ ನಾಲ್ಕು ಆಣೆಯ ಚೀಟಿ ಈ ಸರಣಿಯ ಅತ್ಯಂತ ಪ್ರಸಿದ್ಧ ಸದಸ್ಯ. 1854ರ ಅಕ್ಟೋಬರಿನಲ್ಲಿ ಇದರ ಮುದ್ರಣ ಆರಂಭವಾಯಿತು. ಕೆಂಪು ಚೌಕಟ್ಟಿಗೊಂದು ಕಲ್ಲು, ನೀಲಿ ತಲೆಗೆ ಮತ್ತೊಂದು. ಪ್ರತಿಯೊಂದು ಹಾಳೆಯೂ ಯಂತ್ರದಡಿಯಲ್ಲಿ ಎರಡು ಬಾರಿ ಸಾಗಬೇಕು. ಒಮ್ಮೆ ಹಾಳೆ ತಿರುವುಮುರುವಾದುದರ ಫಲವಾಗಿ ಚೌಕಟ್ಟಿನೊಳಗೆ ರಾಣಿಯ ತಲೆ ತಲೆಕೆಳಗಾಗಿ ಮುದ್ರಿತವಾಯಿತು. ಅಂಚೆಚೀಟಿಗಳ ಇತಿಹಾಸದಲ್ಲಿಯೇ ಅತ್ಯಂತ ಹಳೆಯ ಇಂಥ ದೋಷಗಳಲ್ಲಿ ಇದೊಂದು; ಉಳಿದಿರುವ ಪ್ರತಿಗಳು ಕೆಲವೇ ಕೆಲವು. ದೋಷವೇ ಮೌಲ್ಯವಾಗುವ ಈ ವಿಪರ್ಯಾಸ ಜನಪ್ರಿಯ ಲೇಖನಗಳಿಗೆ ಇಷ್ಟದ ವಸ್ತು. ಸಂಶೋಧಕನಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ: ತಲೆಗೂ ಚೌಕಟ್ಟಿಗೂ ಪ್ರತ್ಯೇಕ ಅಚ್ಚುಗಳಿದ್ದುದರಿಂದ ಯಾವ ತಲೆ ಯಾವ ಚೌಕಟ್ಟಿನೊಡನೆ ಕೂಡಿದೆ ಎಂಬುದು ಮುದ್ರಣಗಳ ಅನುಕ್ರಮವನ್ನು ತೆರೆದಿಡುತ್ತದೆ. ಅಪರೂಪದ ದೋಷ ಒಂದು ಘಟನೆಯನ್ನು ಹೇಳಿದರೆ ಸಾಮಾನ್ಯ ಚೀಟಿಗಳ ಈ ಜೋಡಣೆ ಒಂದು ಪ್ರಕ್ರಿಯೆಯನ್ನು ಹೇಳುತ್ತದೆ.

ಗುಣಮಟ್ಟದ ಶ್ರೇಣೀಕರಣದಲ್ಲಿಯೂ ಈ ಚೀಟಿ ಬೋಧಪ್ರದ. 1854ರ ಚೀಟಿಗಳಿಗೆ ರಂಧ್ರಸಾಲುಗಳಿರಲಿಲ್ಲ, ಕತ್ತರಿಯಿಂದ ಬಿಡಿಸಬೇಕಿತ್ತು. ನಾಲ್ಕು ಆಣೆಯ ಚಿತ್ರ ಎಂಟು ಮೂಲೆಯದಾದ್ದರಿಂದ ಅನೇಕರು ಚಿತ್ರದ ಅಂಚಿಗೆ ಸರಿಯಾಗಿಯೇ ಅದನ್ನು ಕತ್ತರಿಸಿ ಅಂಟಿಸಿದರು. ಚೌಕವಾಗಿ, ಅಂಚು ಉಳಿಸಿ ಕತ್ತರಿಸಿದ ಪ್ರತಿಗೂ ಹೀಗೆ ಆಕಾರಕ್ಕೆ ಕತ್ತರಿಸಿದ ಪ್ರತಿಗೂ ಕೆಟಲಾಗುಗಳು ಬೇರೆ ಬೇರೆ ಬೆಲೆ ನೀಡುತ್ತವೆ. ನಾಲ್ಕು ಬದಿಯ ಅಂಚು, ತೆಳುವಾಗದ ಕಾಗದ, ಮುಖವನ್ನು ಮರೆಮಾಡದ ಅಂಚೆಮುದ್ರೆ, ಮಾಸದ ಬಣ್ಣ ಇವು ಮಾರುಕಟ್ಟೆಯ ಶ್ರೇಣಿಯ ಮಾನದಂಡಗಳು. ಇತಿಹಾಸದ ಶ್ರೇಣಿ ಇದಕ್ಕೆ ಕೆಲವೊಮ್ಮೆ ಪೂರ್ತಿ ವಿರುದ್ಧ. ಮುಖದ ಮೇಲೆ ದಟ್ಟವಾದ ಮುದ್ರೆ ಬಿದ್ದು ಅಂದಗೆಟ್ಟ ಚೀಟಿಯೊಂದು ದಿನಾಂಕವಿರುವ ಪತ್ರದ ಮೇಲೆಯೇ ಉಳಿದಿದ್ದರೆ, ಬಳಸದೆ ಹೊಳೆಯುವ ಬಿಡಿ ಚೀಟಿಗಿಂತ ಅದರ ಮಾತಿಗೆ ತೂಕ ಹೆಚ್ಚು.

ಏಕೆಂದರೆ ಛಾಯೆಯೊಂದನ್ನು ಕಾಲಕ್ಕೆ ಕಟ್ಟಿಹಾಕುವ ಗೂಟ ಆ ದಿನಾಂಕವೇ. ಈ ಸಾಕ್ಷ್ಯಕ್ಕೂ ಮಿತಿಯುಂಟು. ಒಂದು ಛಾಯೆಯ ಅತ್ಯಂತ ಹಿಂದಿನ ಬಳಕೆಯ ದಿನಾಂಕ, ಅದಕ್ಕೆ ಮೊದಲೇ ಆ ಮುದ್ರಣ ನಡೆದಿತ್ತೆಂಬುದನ್ನು ಸಿದ್ಧಪಡಿಸುತ್ತದೆ. ಅತ್ಯಂತ ಈಚಿನ ಬಳಕೆಯ ದಿನಾಂಕದಿಂದ ಮುದ್ರಣದ ಬಗೆಗೆ ಏನೂ ಸಿದ್ಧವಾಗುವುದಿಲ್ಲ. ದೂರದ ಅಂಚೆಕಚೇರಿಯ ಪೆಟ್ಟಿಗೆಯಲ್ಲಿ ಹಳೆಯ ಹಾಳೆಗಳು ಬಹುಕಾಲ ಉಳಿದಿರಬಹುದು. ಕೃತಿಯೊಂದನ್ನು ಉಲ್ಲೇಖಿಸುವ ಶಾಸನ ಆ ಕೃತಿಯ ಕಾಲಕ್ಕೆ ಕೆಳಗಿನ ಮಿತಿಯನ್ನು ಮಾತ್ರ ಹಾಕಿಕೊಡುವಂತೆಯೇ ಇದು.

ಸಾಕ್ಷಿಗಳ ಅನುಕ್ರಮ

ಇದುವರೆಗಿನ ವಿವೇಚನೆಯಿಂದ ಪರೀಕ್ಷೆಯ ಒಂದು ಕ್ರಮ ತಾನಾಗಿ ರೂಪುಗೊಳ್ಳುತ್ತದೆ. ಮೊದಲು ಮುದ್ರಣವಿಧಾನ: ಇದೇ ಸರಣಿಯ ಎರಡು ಆಣೆಯ ಹಸಿರು ಚೀಟಿ ಕಲ್ಲಚ್ಚಿನದಲ್ಲ, ಟಂಕಸಾಲೆಯಲ್ಲಿ ಉಬ್ಬಚ್ಚಿನಿಂದ ಮುದ್ರಿತವಾದದ್ದು, ಅದರ ಪಚ್ಚೆ, ಹಳದಿಮಿಶ್ರಿತ ಹಸಿರು, ಬೂದುಹಸಿರುಗಳನ್ನು ಕಲ್ಲಚ್ಚಿನ ಅಳತೆಗೋಲಿನಿಂದ ಅಳೆಯಲಾಗದು. ಅನಂತರ ಕಾಗದ ಮತ್ತು ಜಲಚಿಹ್ನೆ, ಆಮೇಲೆ ಮೂಲ ಅಚ್ಚು, ಬಳಿಕ ಹಾಳೆಯಲ್ಲಿನ ಸ್ಥಾನ, ಸವಕಳಿ, ತಿದ್ದುಪಡಿ, ಅನಂತರ ದಿನಾಂಕ. ಇವೆಲ್ಲವೂ ತಮ್ಮ ಮಾತನ್ನು ಮುಗಿಸಿದ ಮೇಲೆಯೇ ಬಣ್ಣವನ್ನು ಕಟಕಟೆಗೆ ಕರೆಯಬೇಕು. ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ ಆದರೂ ವಿಚಾರಣೆಯಲ್ಲಿ ಅದು ಕೊನೆಯ ಸಾಕ್ಷಿ. ಗೆರೆಯನ್ನು ಬದಲಿಸಲು ಕಾಲಕ್ಕೆ ಸಾಧ್ಯವಿಲ್ಲ. ಬಣ್ಣವನ್ನು ಬದಲಿಸಲು ಒಂದು ಬಟ್ಟಲು ನೀರು ಸಾಕು.

ಈ ಕ್ರಮವನ್ನು ತಲೆಕೆಳಗು ಮಾಡಿದಾಗ ಆಗುವ ನಷ್ಟ ಕೊಳ್ಳುವವನ ಹಣಕ್ಕೆ ಸೀಮಿತವಲ್ಲ. ಛಾಯೆಯ ಬೆಲೆ ಹೆಚ್ಚಿಸಲು ರಾಸಾಯನಿಕಗಳಲ್ಲಿ ಅದ್ದಿದ ಚೀಟಿ, ಅಂದಕ್ಕಾಗಿ ಪತ್ರದಿಂದ ಬಿಡಿಸಿ ತೊಳೆದ ಚೀಟಿ ಮತ್ತೆಂದೂ ತನ್ನ ಮೊದಲ ಮಾತನ್ನು ಆಡಲಾರದು. ಓಲೆಗರಿಯ ಅಂಚನ್ನು ಚೆಂದಕ್ಕಾಗಿ ಕತ್ತರಿಸುವಾಗ ಅಲ್ಲಿದ್ದ ಪತ್ರಸಂಖ್ಯೆ ಕಳೆದುಹೋದಂತೆ ಇದು.

1856ರ ವೇಳೆಗೆ ಲಂಡನ್ನಿನ ಯಂತ್ರಗಳಿಂದ ಒಪ್ಪವಾದ ಚೀಟಿಗಳು ಬರತೊಡಗಿ ಕಲ್ಕತ್ತೆಯ ಕಲ್ಲುಗಳ ಕೆಲಸ ಮುಗಿಯಿತು. ತಾಮ್ರವನ್ನು ಕೊರೆದವರು, ಶಾಯಿ ಅರೆದವರು, ಕಲ್ಲಿಗೆ ನೀರು ಸವರಿ ಹಾಳೆ ಹಾಸಿದವರು ಯಾರೆಂಬುದನ್ನು ಚೀಟಿಗಳು ಹೇಳುವುದಿಲ್ಲ. ಅವುಗಳ ಮೇಲಿರುವುದು ರಾಣಿಯ ಮುಖ ಮತ್ತು ನಾಡಿನ ಹೆಸರು. ಆದರೆ ತುಸು ದಪ್ಪಗೆ ಬಿದ್ದ ಶಾಯಿ, ಕೈಯಿಂದ ತಿದ್ದಿದ ಒಂದು ಗೆರೆ, ಹಸಿರಿಗೆ ವಾಲಿದ ಒಂದು ನೀಲಿ ಅವರ ದಿನದ ದುಡಿಮೆಯನ್ನು ಇಂದಿಗೂ ಉಳಿಸಿಕೊಂಡಿವೆ. ಲಿಪಿಕಾರನ ಕೈತಪ್ಪಿನಲ್ಲಿ ಲಿಪಿಕಾರನನ್ನು ಕಾಣಬಲ್ಲವರು ಈ ಛಾಯೆಗಳಲ್ಲಿ ಆ ಮುದ್ರಕರನ್ನು ಕಾಣಬಲ್ಲರು. ಅದಕ್ಕೆ ಬೇಕಾದದ್ದು ಬಣ್ಣಕ್ಕೆ ಹೆಸರು ಕೊಡುವ ಆತುರವಲ್ಲ, ಅದರ ಸರದಿ ಬರುವವರೆಗೆ ಕಾಯುವ ತಾಳ್ಮೆ.